ಈ ಬೇಗೂರಿನ ದುಡ್ಡು, ಆ ಬೇಗೂರಿನ ಫ್ಲಾಟು

ಬೇಗೂರು ಎರಡುಂಟು. ಒಂದು, ನಂಜನಗೂಡು–ಗುಂಡ್ಲುಪೇಟೆ ರಸ್ತೆಯಲ್ಲಿ ಬಸ್ಸು ನಿಲ್ಲುವ ಈ ಬೇಗೂರು. ಇನ್ನೊಂದು ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು. ‘ಬೆಂಗಳೂರು’ ಎಂಬ ಹೆಸರಿರುವ ಹಳೇ ವೀರಗಲ್ಲು ಸಿಕ್ಕಿದ್ದು ಅಲ್ಲೇ. ಈಗ ಅಲ್ಲಿ ಎತ್ತ ನೋಡಿದರೂ ಅಪಾರ್ಟ್‌ಮೆಂಟು.

ಈ ಬೇಗೂರಿನಲ್ಲಿ ಅರಿಸಿನ, ಸೂರ್ಯಕಾಂತಿ ಮಾರಿದ ದುಡ್ಡು ಆ ಬೇಗೂರಿನ ಫ್ಲಾಟಿಗೆ ಹೋಗುವುದುಂಟು. ಮಗ ಅಲ್ಲಿ ಕೆಲಸಕ್ಕಿದ್ದಾನೆ, ಬಾಡಿಗೆ ಕಟ್ಟೋ ಬದಲು ಸಾಲದ ಕಂತು ಕಟ್ಟಲಿ ಅನ್ನೋದು ಅಪ್ಪನ ಲೆಕ್ಕ. ರಿಜಿಸ್ಟ್ರಿ ಖರ್ಚೆಲ್ಲ ಮುಗೀತು ಅಂತ ಉಸಿರು ಬಿಡುವ ಹೊತ್ತಿಗೆ ಇನ್ನೊಂದು ಚೀಟಿ ಬರುತ್ತದೆ: ಎರಡು ವರ್ಷದ ನಿರ್ವಹಣಾ ಶುಲ್ಕ ಮುಂಗಡ, ಜೊತೆಗೆ ಕಾರ್ಪಸ್ ಫಂಡು. ಕಟ್ಟಿದರೇ ಕೀಲಿಕೈ!

1,200 ಚದರಡಿ ಫ್ಲಾಟು, ಚದರಡಿಗೆ ತಿಂಗಳಿಗೆ 4 ರೂ. ಎಂದಿಟ್ಟುಕೊಳ್ಳಿ. ತಿಂಗಳಿಗೆ 4,800, ಎರಡು ವರ್ಷಕ್ಕೆ 1,15,200 ರೂ. ಕಂಪನಿಯ ಬಿಲ್ಲಾದರೆ ಶೇ. 18 ಜಿಎಸ್‌ಟಿ ಬೇರೆ, 20,736 ರೂ. ತಮಾಷೆ ಏನೆಂದರೆ, ನಿವಾಸಿಗಳ ಸಂಘವೇ ವಸೂಲು ಮಾಡಿದರೆ ತಿಂಗಳಿಗೆ 7,500 ರೂ. ತನಕ ಸದಸ್ಯರ ಮೇಲೆ ಈ ತೆರಿಗೆಯೇ ಇಲ್ಲ.

ಮುಂಗಡ ಕೇಳೋದೇ ಮೋಸ ಅಂದರೆ ತಪ್ಪಾದೀತು. ಮೊದಲ ದಿನದಿಂದಲೇ ಲಿಫ್ಟು ಓಡಬೇಕು, ಟ್ಯಾಂಕರು ಬರಬೇಕು, ವಾಚ್‌ಮನ್‌ಗೆ ಸಂಬಳ ಆಗಬೇಕು. ಆದರೆ ಮಂಡಿಯಲ್ಲಿ ಮುಂಗಡ ಕೊಟ್ಟ ವ್ಯಾಪಾರಿ ಮಾಲು ಬಂದಾಗ ಲೆಕ್ಕ ಮುರಿಸಿಕೊಳ್ಳದೆ ಬಿಡ್ತಾನಾ? ಇಲ್ಲಿ ಲೆಕ್ಕ ಕೇಳುವವರೇ ಕಡಿಮೆ. ನಿರ್ವಹಣಾ ಕಂಪನಿ ಎಷ್ಟೋ ಕಡೆ ಬಿಲ್ಡರಿನದೇ ಇನ್ನೊಂದು ಬೋರ್ಡು. ಕೊಟ್ಟವನೂ ಅವನೇ, ಖರ್ಚು ಮಾಡಿದವನೂ ಅವನೇ. ಮಾರಾಟವಾಗದೆ ಖಾಲಿ ಬಿದ್ದ ಫ್ಲಾಟುಗಳ ಪಾಲನ್ನು ಯಾರು ಕಟ್ಟಿದರು ಎಂದು ಕೇಳಿ ನೋಡಿ, ಆಫೀಸಿನವರು ಫೋನು ಬಂತು ಅಂತ ಎದ್ದು ಹೋಗ್ತಾರೆ.

ಕಾನೂನು ಮಾತ್ರ ಗೊಂದಲಕ್ಕೆ ಬಿದ್ದಿಲ್ಲ. 2016ರ ರೇರಾ ಕಾಯ್ದೆಯ 11ನೇ ಕಲಮಿನ ಪ್ರಕಾರ, ನಿವಾಸಿಗಳ ಸಂಘ ವಹಿಸಿಕೊಳ್ಳುವ ತನಕ ಅಗತ್ಯ ಸೇವೆಗಳನ್ನು ಸಮಂಜಸ ಶುಲ್ಕಕ್ಕೆ ಒದಗಿಸುವ ಹೊಣೆ ಬಿಲ್ಡರಿನದು. ‘ಅದು ಕಂಪನಿಯವರ ವಿಚಾರ, ನಮಗೆ ಸಂಬಂಧವಿಲ್ಲ’ ಎಂಬ ಮಾತು ಇಲ್ಲಿ ನಡೆಯದು. ಸಂಘ ಕಟ್ಟಲು ಅನುವು ಮಾಡಿಕೊಡಬೇಕಾದವನೂ ಅವನೇ. ಕಾರ್ಪಸ್ ಫಂಡಂತೂ ಮುಂದೆ ಲಿಫ್ಟು ಕೆಟ್ಟಾಗ, ಗೋಡೆಗೆ ಬಣ್ಣ ಬಳಿಯಬೇಕಾದಾಗ ಬೇಕಾಗುವ ಇಡುಗಂಟು. ಸಂಘಕ್ಕೆ ಸೇರಬೇಕಾದ ಹಣ. ದಿನದ ಖರ್ಚಿಗೆ ಅದನ್ನು ಮುಟ್ಟುತ್ತಾ ಬಂದರೆ ಲಿಫ್ಟು ನಿಂತ ದಿನ ನಿವಾಸಿಗಳೇ ಮತ್ತೆ ಜೇಬಿಗೆ ಕೈ ಹಾಕಬೇಕು. ಅದಕ್ಕೇ ಮುಂಗಡಕ್ಕೊಂದು, ಕಾರ್ಪಸ್ಸಿಗೊಂದು ಪ್ರತ್ಯೇಕ ರಸೀದಿ ಬೇಕು. ‘ಇತರೆ ಖರ್ಚು’ ಎಂದು ಒಂದೇ ಮೊತ್ತ ಗೀಚಿಕೊಟ್ಟರೆ ನಾಳೆ ಯಾವುದು ಯಾವುದಕ್ಕೆ ಅಂತ ಹೇಳೋರು ಯಾರು?

ಕೋರ್ಟು ಕಚೇರಿ ಅಂತ ಬೆಂಗಳೂರಿಗೆ ಅಲೆಯುವವರಾರು ಎಂದು ಸುಮ್ಮನಾಗುವವರೇ ಹೆಚ್ಚು. ಅಷ್ಟು ದೂರ ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರನು ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಲು ಅವಕಾಶ ಕೊಟ್ಟಿದೆ. ಫ್ಲಾಟು ಅಪ್ಪನ ಹೆಸರಿನಲ್ಲಿದ್ದು ಅವನು ಈ ಬೇಗೂರಿನಲ್ಲೇ ಇದ್ದರೆ, ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು, ರಸೀದಿ ಕೈಯಲ್ಲಿರಬೇಕು.