ಪರಂಗಿಯ ಪಿಂಚಣಿ, ಅಜ್ಜಿಯ ಆರುನೂರು

ನಮ್ಮ ಹಿರಿಯರು ಬಿಳಿಯ ದೊರೆಯನ್ನು ‘ಪರಂಗಿ’ ಎಂದು ಕರೆದರು. ಥೈಲೆಂಡಿನ ರೈತ ಇಂದಿಗೂ ಅವನನ್ನು ‘ಫರಾಂಗ್’ ಎನ್ನುತ್ತಾನೆ. ಎರಡೂ ಒಂದೇ ಬೇರಿನ ಮಾತು. ಫ್ರಾಂಕರು ಎಂಬ ಹೆಸರು ಅರಬರ, ಪಾರಸಿಕರ ಬಾಯಲ್ಲಿ ತಿರುಗಿ ಪೂರ್ವದೇಶಗಳಿಗೆಲ್ಲ ಹಬ್ಬಿತು. ಕಡಲಾಚೆಯಿಂದ ಬಂದ ಹಣ್ಣೊಂದಕ್ಕೆ ನಾವು ಪರಂಗಿ ಹಣ್ಣು ಎಂದೆವು. ಥಾಯ್ ಜನ ಸೀಬೆಹಣ್ಣಿಗೆ ಫರಾಂಗ್ ಎಂದರು. ನಮ್ಮಲ್ಲಿ ಪರಂಗಿ ಹೋದ, ಹಣ್ಣಿನಲ್ಲಿ ಅವನ ಹೆಸರು ಮಾತ್ರ ಉಳಿಯಿತು. ಥೈಲೆಂಡಿನ ಹಳ್ಳಿಗಳಿಗಾದರೋ ಅವನು ಈಗ ಬಂದು ನೆಲಸುತ್ತಿದ್ದಾನೆ. ಕೋವಿ ಹಿಡಿದಲ್ಲ, ಪಿಂಚಣಿ ಹಿಡಿದು.

ಈ ಸಂಗತಿಯಲ್ಲಿ ದುಡಿದು ತಿನ್ನುವವರು ಯೋಚಿಸಬೇಕಾದದ್ದು ಬಹಳವಿದೆ.

ಥೈಲೆಂಡಿನ ಈಶಾನ್ಯ ಭಾಗಕ್ಕೆ ಈಸಾನ್ ಎಂದು ಹೆಸರು. ಹೆಸರೇ ನಮ್ಮ ‘ಈಶಾನ’. ಇಪ್ಪತ್ತು ಪ್ರಾಂತಗಳ ಈ ಸೀಮೆಯಲ್ಲಿ ದೇಶದ ಸುಮಾರು ಮೂರನೆಯ ಒಂದು ಪಾಲು ಜನರಿದ್ದಾರೆ. ಮರಳು ಬೆರೆತ ನೆಲ, ಅಲ್ಲಲ್ಲಿ ಸವುಳು, ಮಳೆಯನ್ನು ನಂಬಿದ ಬತ್ತ, ಹೆಚ್ಚಿನ ಕಡೆ ವರ್ಷಕ್ಕೆ ಒಂದೇ ಬೆಳೆ. ಬ್ಯಾಂಕಾಕಿನಲ್ಲಿ ಟ್ಯಾಕ್ಸಿ ಓಡಿಸುವವರು, ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರುವವರು, ಕಾರ್ಖಾನೆಯ ಯಂತ್ರದ ಮುಂದೆ ನಿಲ್ಲುವ ಹೆಂಗಸರು, ಇವರಲ್ಲಿ ಈಸಾನಿನವರ ಸಂಖ್ಯೆ ದೊಡ್ಡದು. ಊರಿನಲ್ಲಿ ಉಳಿದವರು ಮುದುಕರು ಮತ್ತು ಮೊಮ್ಮಕ್ಕಳು. ಪ್ರಾಯದವರು ಬಿಟ್ಟುಹೋದ ಊರಿಗೆ, ಪ್ರಾಯ ಕಳೆದ ಮೇಲೆ, ಫರಾಂಗ್ ಬರುತ್ತಾನೆ.

ಅವನು ಯಾರು? ಸಾಹುಕಾರನೆಂದು ತಿಳಿದರೆ ತಪ್ಪು. ಸಾಹುಕಾರನು ಕಡಲತೀರದ ಬಂಗಲೆಗೆ ಹೋಗುತ್ತಾನೆ. ಈಸಾನಿನ ಹಳ್ಳಿಗೆ ಬರುವವರಲ್ಲಿ ಬಸ್ಸು ಓಡಿಸಿದವರು, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು, ಸೈನ್ಯದಿಂದ ಬಿಡುಗಡೆಯಾದವರು, ವಿದ್ಯುತ್ ತಂತಿ ಎಳೆದು ಜೀವನ ಮಾಡಿದವರು ಇರುತ್ತಾರೆ. ಇಂಗ್ಲೆಂಡು, ಜರ್ಮನಿ, ಸ್ವೀಡನ್, ಆಸ್ಟ್ರೇಲಿಯ, ಅಮೆರಿಕಗಳ ದುಡಿಯುವ ಮಂದಿ. ಹೆಚ್ಚಿನವರು ಊರಿನ ಹೆಂಗಸನ್ನು ಮದುವೆಯಾಗಿರುತ್ತಾರೆ. ತಮ್ಮ ದೇಶದಲ್ಲಿ ಬಾಡಿಗೆಗೂ ಚಳಿಗಾಲದ ಕಾವಿಗೂ ಸಾಲದ ಪಿಂಚಣಿ ಇಲ್ಲಿ ಮನೆ ನಡೆಸುತ್ತದೆಂಬ ಲೆಕ್ಕ ಅವರದು.

ಅವರ ದಿನಚರಿಯನ್ನು ನೋಡಿ. ಬೆಳಕು ಹರಿಯುವ ಹೊತ್ತಿಗೆ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಊರ ಮುಖ್ಯಸ್ಥನ ಪ್ರಕಟಣೆ ಕೇಳಿಸುತ್ತದೆ. ಅದರಲ್ಲಿ ಒಂದು ಮಾತೂ ಇವನಿಗೆ ತಿಳಿಯದು. ಬೀದಿಯಲ್ಲಿ ಭಿಕ್ಷುಗಳ ಸಾಲು ಬರುತ್ತದೆ. ಹೆಂಡತಿ ಮಂಡಿಯೂರಿ ಅವರ ಪಾತ್ರೆಗೆ ಹಿಡಿ ಅನ್ನ ಹಾಕುತ್ತಾಳೆ. ಬಿದಿರ ಬುಟ್ಟಿಯಲ್ಲಿ ಹಬೆಗೆ ಬೆಂದ ಅಂಟಕ್ಕಿಯ ಅನ್ನ, ಕೊಳೆಹಾಕಿದ ಮೀನಿನ ರಸ, ಒರಳಿನಲ್ಲಿ ಮೆಣಸಿನಕಾಯಿಯೊಡನೆ ಜಜ್ಜಿದ ಪರಂಗಿಕಾಯಿ, ಇವು ಮನೆಯವರ ಊಟ. ಇವನು ಬೈಸಿಕಲ್ಲನ್ನೋ ಮೋಟಾರು ಸೈಕಲ್ಲನ್ನೋ ಹತ್ತಿ ಪೇಟೆಗೆ ಹೋಗಿ ಬ್ರೆಡ್ಡು ತರುತ್ತಾನೆ. ದಾರಿಯಲ್ಲಿ ಸಿಕ್ಕವರೆಲ್ಲ ‘ಎಲ್ಲಿಗೆ ಹೊರಟೆ?’, ‘ಊಟವಾಯಿತೆ?’ ಎಂದು ಕೇಳುತ್ತಾರೆ. ಇದು ವಿಚಾರಣೆಯಲ್ಲ, ಕುಶಲಪ್ರಶ್ನೆ ಎಂದು ತಿಳಿಯಲು ಅವನಿಗೆ ವರ್ಷ ಬೇಕು. ನಮ್ಮ ವಾಚಕರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಏಪ್ರಿಲಿನಲ್ಲಿ ತಲೆ ಸಿಡಿಯುವ ಬಿಸಿಲು. ಮಳೆಗೆ ಮೊದಲು ಆಕಾಶದ ದೇವರಿಗೆ ಬಾಣ ಹಾರಿಸುವ ಹಬ್ಬ. ಮಳೆ ಬಿದ್ದರೆ ನಾಟಿ, ನವೆಂಬರಿನ ಹೊತ್ತಿಗೆ ಕುಯಿಲು. ಊರೆಲ್ಲ ಗದ್ದೆಯಲ್ಲಿರುವಾಗ ಇವನು ಜಗುಲಿಯಲ್ಲಿ ಕುಳಿತಿರುತ್ತಾನೆ. ಸೋಮಾರಿತನದಿಂದಲ್ಲ. ವಿಶ್ರಾಂತಿಗೆಂದು ಅನುಮತಿ ಪಡೆದು ಬಂದವನು ಅಲ್ಲಿ ಕೆಲಸ ಮಾಡುವಂತಿಲ್ಲ. ಜೀವಮಾನವೆಲ್ಲ ದುಡಿದ ಕೈಗೆ ಇದೊಂದು ವಿಚಿತ್ರ ಶಿಕ್ಷೆ.

ಕಾನೂನಿನ ಬೇಲಿ

ಚಿಲ್ಲರೆ ವ್ಯಾಪಾರಿಗಳು, ಕೈಕಸುಬಿನವರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಥೈಲೆಂಡಿನಲ್ಲಿ ಪರದೇಶದವನು ಸಾಮಾನ್ಯವಾಗಿ ಭೂಮಿಯ ಒಡೆಯನಾಗುವಂತಿಲ್ಲ. 1954ರ ಭೂ ಕಾಯಿದೆ ಈ ಬಾಗಿಲನ್ನು ಬಿಗಿಮಾಡಿತು. ಅಲ್ಲಿ ನೆಲವನ್ನು ‘ರೈ’ಗಳಲ್ಲಿ ಅಳೆಯುತ್ತಾರೆ, ಒಂದು ರೈ ಎಂದರೆ ನಮ್ಮ ಹದಿನಾರು ಗುಂಟೆಗೆ ಹತ್ತಿರ. ಫರಾಂಗ್ ಹಣ ತಂದು ಮನೆ ಕಟ್ಟಿಸಿದರೂ ನೆಲ ಹೆಂಡತಿಯ ಹೆಸರಿನಲ್ಲಿ. ಅವಳು ಕೊಳ್ಳುವಾಗ, ಈ ಹಣ ಅವಳ ಸ್ವಂತದ್ದು, ತನಗೆ ಇದರಲ್ಲಿ ಹಕ್ಕಿಲ್ಲ ಎಂದು ಗಂಡನು ಕಚೇರಿಯಲ್ಲಿ ಬರೆದುಕೊಡಬೇಕು. ಕೂದಲು ಕತ್ತರಿಸುವುದು, ಕೈಮಗ್ಗದಲ್ಲಿ ನೇಯುವುದು, ಚಾಪೆ ಹೆಣೆಯುವುದು, ಬೀದಿಯಲ್ಲಿ ಸರಕು ಮಾರುವುದು, ಇಂತಹ ಕಸುಬುಗಳನ್ನು ಸರಕಾರ ತನ್ನ ಪ್ರಜೆಗಳಿಗೇ ಕಾದಿರಿಸಿದೆ. ಪರದೇಶದವನು ತೊಂಬತ್ತು ದಿನಕ್ಕೊಮ್ಮೆ ತನ್ನ ವಿಳಾಸವನ್ನು ವಲಸೆ ಕಚೇರಿಗೆ ತಿಳಿಸಬೇಕು. ವಾಸದ ಅನುಮತಿಯನ್ನು ವರ್ಷವರ್ಷವೂ ನವೀಕರಿಸಬೇಕು.

ಇದೆಲ್ಲ ಕಿರುಕುಳವೆಂದು ಅಲ್ಲಿಯ ಬಿಳಿಯರು ಗೊಣಗುವುದುಂಟು. ಗೊಣಗುವ ಮೊದಲು ಚರಿತ್ರೆಯನ್ನು ನೋಡಬೇಕು. 1855ರಲ್ಲಿ ಬ್ರಿಟಿಷರ ದೂತ ಬೌರಿಂಗ್ ಸಯಾಮಿನೊಡನೆ ಒಪ್ಪಂದ ಮಾಡಿಕೊಂಡ. ಆಮದು ಸುಂಕ ನೂರಕ್ಕೆ ಮೂರನ್ನು ಮೀರಕೂಡದು. ಬ್ರಿಟಿಷ್ ಪ್ರಜೆ ತಪ್ಪು ಮಾಡಿದರೆ ಸಯಾಮಿನ ನ್ಯಾಯಾಲಯ ವಿಚಾರಿಸಕೂಡದು. ಇತರ ಯುರೋಪಿಯನ್ ರಾಜ್ಯಗಳೂ ಅದೇ ಸಾಲು ಹಿಡಿದವು. ಕೊನೆಯ ಅಸಮಾನ ಒಪ್ಪಂದಗಳು ಕಳಚಿದ್ದು 1930ರ ದಶಕ ಮುಗಿಯುತ್ತ ಬಂದಾಗ. ದೇಶ ವಸಾಹತಾಗಲಿಲ್ಲ, ನಿಜ. ಆದರೆ ಎಂಬತ್ತು ವರ್ಷ ತನ್ನ ಸುಂಕದಕಟ್ಟೆಗೆ ತಾನೇ ಒಡೆಯನಾಗಿರಲಿಲ್ಲ. ಹೀಗೆ ಬೆಂದ ದೇಶವು ಬೇಲಿ ಕಟ್ಟಿಕೊಂಡರೆ ಅದನ್ನು ದ್ವೇಷವೆನ್ನಲಾಗದು. ಆ ಬೇಲಿ ಇರದಿದ್ದರೆ, ಪೌಂಡು ಡಾಲರುಗಳ ಮುಂದೆ ಈಸಾನಿನ ಗದ್ದೆ ಎಷ್ಟು ದಿನ ರೈತನ ಕೈಯಲ್ಲಿ ನಿಲ್ಲುತ್ತಿತ್ತು?

ಫರಾಂಗ್ ಈಸಾನಿಗೆ ಗುಂಪಾಗಿ ಬಂದದ್ದು ವಿಯೆಟ್ನಾಮ್ ಯುದ್ಧಕಾಲದಲ್ಲಿ. ಉದೋನ್, ಉಬೋನ್, ನಕೋನ್ ಪನೋಮ್, ಕೋರಾಟ್, ಈ ನಾಲ್ಕೂ ಪಟ್ಟಣಗಳಲ್ಲಿ ಅಮೆರಿಕದ ವಿಮಾನಪಡೆ ನೆಲೆಯೂರಿತು. ಯುದ್ಧದ ಭರದಲ್ಲಿ ದೇಶದಲ್ಲಿ ಸುಮಾರು 50,000 ಅಮೆರಿಕನ್ ಸಿಪಾಯಿಗಳಿದ್ದರು. ನೆಲೆಯ ಬೇಲಿಯ ಹೊರಗೆ ಮದ್ಯದಂಗಡಿಗಳೆದ್ದವು. ‘ಬಾಡಿಗೆ ಹೆಂಡತಿ’ ಎಂಬ ಹೊಸ ಮಾತು ಥಾಯ್ ಭಾಷೆಗೆ ಬಂತು. 1976ರಲ್ಲಿ ಸೈನ್ಯ ಹೊರಟುಹೋಯಿತು. ತಂದೆಯ ಮುಖ ಕಾಣದ ಮಕ್ಕಳು ಉಳಿದರು. ಬಡ ಮನೆಯ ಮಗಳು ಪರದೇಶದವನಿಂದ ಮನೆ ಎತ್ತಬಹುದೆಂಬ ಕ್ರೂರ ಆಸೆಯೂ ಉಳಿಯಿತು.

ಅಗ್ಗವೆಂಬ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ.

ಐವತ್ತು ದಾಟಿದ ಪರದೇಶದವನು ನಿವೃತ್ತನಾಗಿ ಥೈಲೆಂಡಿನಲ್ಲಿ ನೆಲಸಬೇಕಾದರೆ ಅಲ್ಲಿಯ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು ತೋರಿಸಬೇಕು. ಇಲ್ಲವೆ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ಒಬ್ಬ ಮುದುಕ ಮಾನವಾಗಿ ಬಾಳಲು ಇಷ್ಟು ಬೇಕೆಂದು ಸರಕಾರವೇ ಹಾಕಿದ ಲೆಕ್ಕವಿದು ಎಂದು ನಾವು ಭಾವಿಸಬಹುದಷ್ಟೆ. ಹಾಗಾದರೆ ಪಕ್ಕದ ಮನೆಯ ಅಜ್ಜಿಗೆ ಅದೇ ಸರಕಾರ ಏನು ಕೊಡುತ್ತದೆ? 2011ರಲ್ಲಿ ಗೊತ್ತುಮಾಡಿದ ವೃದ್ಧಾಪ್ಯ ವೇತನದ ದರ ಹೀಗಿದೆ: ಅರವತ್ತು ದಾಟಿದವರಿಗೆ ತಿಂಗಳಿಗೆ 600 ಬಾತ್, ಎಪ್ಪತ್ತಕ್ಕೆ 700, ಎಂಬತ್ತಕ್ಕೆ 800, ತೊಂಬತ್ತು ದಾಟಿದರೆ 1,000. ಒಂದೇ ಬೀದಿ, ಒಂದೇ ಅಂಗಡಿಯ ಎಣ್ಣೆ ಉಪ್ಪು, ಒಂದೇ ವಯಸ್ಸು. ಒಬ್ಬನ ಮುಪ್ಪಿಗೆ ಅರವತ್ತೈದು ಸಾವಿರ, ಇನ್ನೊಬ್ಬಳ ಮುಪ್ಪಿಗೆ ಆರುನೂರು!

ಅಜ್ಜಿಯ ಮಗನ ಕೂಲಿ ನೋಡಿ. 2025ರ ಜನವರಿಯಲ್ಲಿ ಅಲ್ಲಿಯ ಕನಿಷ್ಠ ದಿನಗೂಲಿಯನ್ನು ಪ್ರಾಂತಕ್ಕೆ ತಕ್ಕಂತೆ 337ರಿಂದ 400 ಬಾತ್‌ವರೆಗೆ ಗೊತ್ತುಮಾಡಿದರು. 350ರಂತೆ ತಿಂಗಳಿಗೆ ಇಪ್ಪತ್ತಾರು ದಿನ ದುಡಿದರೂ 9,100 ಬಾತ್. ಫರಾಂಗ್ ಕೂತು ತೋರಿಸಬೇಕಾದ ವರಮಾನ, ಇವನು ಬೆವರಿಳಿಸಿ ಗಳಿಸುವುದರ ಏಳು ಪಟ್ಟು.

‘ಥೈಲೆಂಡು ಅಗ್ಗದ ದೇಶ’ ಎಂದು ಪಶ್ಚಿಮದವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಗ್ಗವೆಂದರೇನು? ನೆಲಕ್ಕೆ ಅಗ್ಗವೆಂಬ ಗುಣವಿಲ್ಲ, ಗಾಳಿಗೂ ಇಲ್ಲ. ಊಟ ಅಗ್ಗವಾದರೆ ಅಡುಗೆಯವಳ ಕೂಲಿ ಕಡಿಮೆ. ಮನೆ ಅಗ್ಗವಾದರೆ ಗಾರೆಯವನ ಕೂಲಿ ಕಡಿಮೆ. ಅಕ್ಕಿ ಅಗ್ಗವಾದರೆ ರೈತನ ಸಾಲ ಹೆಚ್ಚು. ಅಗ್ಗವೆಂಬ ಮಾತನ್ನು ಬಿಡಿಸಿ ನೋಡಿದರೆ ಒಳಗೆ ಯಾವುದೋ ಒಂದು ಹೊಟ್ಟೆ ಇರುತ್ತದೆ. ಗಿರಣಿಯಲ್ಲಿ ದುಡಿಯುವವನಿಗೆ ಈ ಲೆಕ್ಕವನ್ನು ಪಾಠ ಹೇಳಬೇಕಾಗಿಲ್ಲ. ಅಗ್ಗದ ಬಟ್ಟೆಯ ಹಿಂದೆ ಏನಿದೆಯೆಂದು ಅವನು ಬಲ್ಲ.

ಇನ್ನೊಂದು ಚಮತ್ಕಾರವಿದೆ, ಮಾತಿನದು. ಬಿಳಿಯನು ಪರದೇಶದಲ್ಲಿ ನೆಲಸಿದರೆ ಅವನಿಗೆ ‘ಎಕ್ಸ್‌ಪ್ಯಾಟ್’ ಎಂಬ ಗೌರವದ ಹೆಸರು. ಈಸಾನಿನ ರೈತ ಹೊಟ್ಟೆಪಾಡಿಗೆ ಹೊರಟರೆ ವಲಸೆ ಕೂಲಿ. ದಕ್ಷಿಣ ಕೊರಿಯದಲ್ಲಿ ಕಾಗದಪತ್ರವಿಲ್ಲದೆ ದುಡಿಯುವ ಥಾಯ್ ಕೂಲಿಗಳು ತಮ್ಮನ್ನು ತಾವೇ ‘ಚಿಕ್ಕ ದೆವ್ವಗಳು’ ಎಂದು ಕರೆದುಕೊಳ್ಳುತ್ತಾರೆ. ಯಾರ ಕಣ್ಣಿಗೂ ಬೀಳಬಾರದಲ್ಲ! ಬೇಸಗೆಯಲ್ಲಿ ಸ್ವೀಡನ್, ಫಿನ್‌ಲೆಂಡಿನ ಕಾಡುಗಳಿಗೆ ಹಣ್ಣು ಕೀಳಲು ಹೋದವರಲ್ಲಿ ಅನೇಕರು ಸಾಲ ಹೊತ್ತು ಮರಳಿದರು. ಇಸ್ರೇಲಿನ ತೋಟಗಳಲ್ಲಿ ಸುಮಾರು 30,000 ಥಾಯ್ ಕೂಲಿಗಳಿದ್ದರು. 2023ರ ಅಕ್ಟೋಬರ್ 7ರ ದಾಳಿಯಲ್ಲಿ ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು, ಹಲವರು ಒತ್ತೆಯಾಳುಗಳಾದರು. ಸತ್ತವರಲ್ಲಿ ಈಸಾನಿನ ಮಕ್ಕಳು ಅನೇಕ. ಸ್ವೀಡನ್ನಿನ ಮುದುಕ ಈಸಾನಿಗೆ ವಿಶ್ರಾಂತಿಗೆ ಬರುತ್ತಾನೆ. ಈಸಾನಿನ ಯುವಕ ಸ್ವೀಡನ್ನಿಗೆ ಬೆನ್ನು ಬಗ್ಗಿಸಲು ಹೋಗುತ್ತಾನೆ. ದಾರಿ ಒಂದೇ, ವಿಮಾನ ಒಂದೇ, ಹೆಸರು ಮಾತ್ರ ಎರಡು.

ಹಾಗೆಂದು ಆ ಮುದುಕನನ್ನು ಶತ್ರುವೆಂದು ಬಗೆಯಬೇಕೆ? ಖಂಡಿತ ಬೇಡ. ಅವನಿಗೂ ಅವನ ದೇಶ ಮೋಸಮಾಡಿದೆ. ಥೈಲೆಂಡಿಗೆ ಹೋಗಿ ನೆಲಸಿದ ಬ್ರಿಟಿಷ್ ಪ್ರಜೆಯ ಸರಕಾರಿ ಪಿಂಚಣಿ ಹೋದ ದಿನದ ದರಕ್ಕೇ ನಿಂತುಬಿಡುತ್ತದೆ. 2005ರಲ್ಲಿ ಪೂರ್ಣ ಮೂಲ ಪಿಂಚಣಿ ವಾರಕ್ಕೆ 82 ಪೌಂಡು 5 ಪೆನ್ಸ್ ಇತ್ತು. ಸ್ವದೇಶದಲ್ಲಿ ಉಳಿದವನಿಗೆ 2025ರಲ್ಲಿ ಅದು 176 ಪೌಂಡು 45 ಪೆನ್ಸ್ ಆಯಿತು. 2005ರಲ್ಲಿ ಹೊರಟುಹೋದವನಿಗೆ ಇಂದಿಗೂ ಆ 82 ಪೌಂಡೇ. ಕಂತು ಕಟ್ಟಿದ್ದು ಇಬ್ಬರೂ ಒಂದೇ ಪ್ರಕಾರ. ಮೇಲಿಂದ ವಿನಿಮಯದ ಪೆಟ್ಟು: 2006ರಲ್ಲಿ ಪೌಂಡಿಗೆ ಸುಮಾರು 70 ಬಾತ್ ಸಿಗುತ್ತಿತ್ತು, 2016ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಡಲು ಮತ ಹಾಕಿದ ಮೇಲೆ ಅದು ಐವತ್ತರ ಕೆಳಗೆ ಇಳಿಯಿತು. ಅಮೆರಿಕದವನಿಗಾದರೆ ಮುಪ್ಪಿನ ವೈದ್ಯ ವಿಮೆ ಸಾಮಾನ್ಯವಾಗಿ ದೇಶದ ಗಡಿ ದಾಟುವುದಿಲ್ಲ.

ಕಾಯಿಲೆ ಬಿದ್ದಾಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. 2002ರಲ್ಲಿ ಥೈಲೆಂಡು ‘ಮೂವತ್ತು ಬಾತ್’ ವೈದ್ಯ ಯೋಜನೆಯನ್ನು ದೇಶಕ್ಕೆಲ್ಲ ಹಬ್ಬಿಸಿತು. ರೈತನಾಗಲಿ ಕೂಲಿಯಾಗಲಿ ಸರಕಾರದ ಆಸ್ಪತ್ರೆಯಲ್ಲಿ ಅತ್ಯಲ್ಪ ಖರ್ಚಿನಿಂದ ಚಿಕಿತ್ಸೆ ಪಡೆಯಬಹುದು. ಹಳ್ಳಿಹಳ್ಳಿಯಲ್ಲೂ ಆರೋಗ್ಯ ಸ್ವಯಂಸೇವಕರಿದ್ದಾರೆ. ಒಟ್ಟು ಸಂಖ್ಯೆ ಸುಮಾರು ಹತ್ತು ಲಕ್ಷ. ಇಲ್ಲಿ ಮಾತ್ರ ಅಜ್ಜಿ ಧನಿಕಳು, ಫರಾಂಗ್ ಬಡವ. ಪಿಂಚಣಿಗೆ ಬಂದ ಪರದೇಶದವನಿಗೆ ಆ ಯೋಜನೆಯ ಚೀಟಿಯಿಲ್ಲ. ವಯಸ್ಸಾದಂತೆ ಖಾಸಗಿ ವಿಮೆಯ ಕಂತು ಏರುತ್ತದೆ. ಉಳಿತಾಯ ಕರಗಿದವನು ಆಸ್ಪತ್ರೆಯ ಬಿಲ್ಲು ಹಿಡಿದು ನಿಂತಾಗ ಅವನನ್ನು ನೋಡಿಕೊಳ್ಳುವವರು ಯಾರು? ಅವನ ಸರಕಾರವಲ್ಲ. ಹೆಂಡತಿ, ಅವಳ ತಾಯಿ, ನೆರೆಮನೆಯವರು. ಯಾವ ಅಗ್ಗದ ಊರೆಂದು ಅವನು ಬಂದನೋ, ಆ ಊರಿನ ಬಡವರು.

ಈ ವಿಷಯದಲ್ಲಿ ಎರಡು ಮಾತು ಕೇಳಿಬರುತ್ತವೆ. ಫರಾಂಗ್ ಹಣ ತರುತ್ತಾನೆ, ಮನೆ ಕಟ್ಟಿಸುತ್ತಾನೆ, ಮಕ್ಕಳನ್ನು ಓದಿಸುತ್ತಾನೆ, ಬಡತನ ನೀಗುತ್ತದೆ ಎಂದು ಒಂದು ಪಕ್ಷ. ನಿಜ, ಕೆಲವು ಮನೆಗಳ ಬಡತನ ನೀಗಿದೆ. ಆದರೆ ಮರದ ಕಂಬಗಳ ಮೇಲಿನ ಹಳೆಯ ಮನೆಗಳ ನಡುವೆ ಎತ್ತರದ ಕಾಂಪೌಂಡಿನ ಬಂಗಲೆ ಎದ್ದರೆ ಊರು ಉದ್ಧಾರವಾಯಿತೆನ್ನಲಾದೀತೆ? ಅದೃಷ್ಟದಿಂದ ಬಂದ ಅಳಿಯ ನೀರಾವರಿಯ ಕಾಲುವೆ ತೋಡುವುದಿಲ್ಲ, ಕನಿಷ್ಠ ಕೂಲಿ ಏರಿಸುವುದಿಲ್ಲ. ಇಂತಹ ಮದುವೆಯಾದ ಹೆಂಗಸರು ಮಾನ ಕೆಡಿಸಿದರೆಂದು ಇನ್ನೊಂದು ಪಕ್ಷ. ಈ ಮಾತಾಡುವವರು, ಆ ಹೆಂಗಸು ಅದಕ್ಕೆ ಮೊದಲು ಕಾರ್ಖಾನೆಯಲ್ಲಿ ಎಷ್ಟು ವರ್ಷ ಸವೆದಳು, ಬಿಟ್ಟುಹೋದ ಮೊದಲ ಗಂಡನ ಮಕ್ಕಳನ್ನು ಹೇಗೆ ಸಾಕಿದಳು ಎಂದು ಕೇಳುವುದಿಲ್ಲ. ತಂದೆತಾಯಿಯ ಋಣ ತೀರಿಸುವ ಹೊಣೆ ಮಗಳ ಮೇಲೆಯೇ ಹೊರಿಸಿ, ಅವಳು ಹೊತ್ತ ಮೇಲೆ ಅವಳನ್ನು ಹಳಿಯುವುದು ಯಾವ ನ್ಯಾಯ?

ನಮ್ಮ ಅಭಿಪ್ರಾಯ ಸರಳವಾದದ್ದು. ಥೈಲೆಂಡು ತನ್ನ ನೆಲಕ್ಕೂ ಕಸುಬುಗಳಿಗೂ ಹಾಕಿದ ಬೇಲಿ ನ್ಯಾಯವಾದದ್ದು, ಅದು ಇರಲಿ. ಅದರೊಳಗೆ ಅತಿಥಿಯಾಗಿ ಬಂದ ಮುದುಕ ನೆಮ್ಮದಿಯಾಗಿ ಇರಲಿ. ಅವನ ದೇಶ ಅವನ ದುಡಿಮೆಯ ಪಿಂಚಣಿಯನ್ನು, ಅವನು ಎಲ್ಲಿದ್ದರೂ, ಪೂರ್ತಿ ಕೊಡಲಿ. ಆದರೆ ಒಬ್ಬ ಮುದುಕ ಬಾಳಲು ಅರವತ್ತೈದು ಸಾವಿರ ಬೇಕೆಂದು ಬಲ್ಲ ಸರಕಾರ, ತನ್ನ ಗದ್ದೆಯಲ್ಲಿ ಐವತ್ತು ವರ್ಷ ನಾಟಿ ಹಾಕಿದ ಅಜ್ಜಿಗೆ ಆರುನೂರು ಸಾಕೆಂದು ಯಾವ ಬಾಯಿಂದ ಹೇಳುತ್ತದೆ? ಫರಾಂಗ್ ತೋರಿಸಬೇಕಾದ ಹಣದ ಅಂಕೆಯೇ ಅಜ್ಜಿಯ ಪರವಾದ ಸಾಕ್ಷಿ. ಅದನ್ನು ಅವಳ ಕೈಗೆ ಕೊಟ್ಟು, ಕಚೇರಿಯ ಮೆಟ್ಟಿಲು ಹತ್ತಿಸಬೇಕಾದ ಕೆಲಸ ಈಸಾನಿನ ದುಡಿಯುವ ಮಕ್ಕಳದು.