ಕಾವಲಿನವರ ಕೂಲಿ ಯಾರ ಹೊಣೆ?



ರಾತ್ರಿ ಹತ್ತಕ್ಕೆ ಹಾಸ್ಟೆಲಿನ ಗೇಟು ಹಾಕಿ, ತಡವಾಗಿ ಬಂದ ನಮ್ಮನ್ನು ಬೈದುಕೊಂಡೇ ಒಳಗೆ ಬಿಡುವ ಅಣ್ಣನನ್ನು ನೀವು ಬಲ್ಲಿರಿ. ಮುಡುಕುತೊರೆ ಕಡೆಯವರು. ಮೂರು ತಿಂಗಳಿಂದ ಅವರಿಗೆ ಸಂಬಳವಿಲ್ಲ. ವಾರ್ಡನ್ನರನ್ನು ಕೇಳಿದರೆ 'ನೀನು ಏಜೆನ್ಸಿಯೋನು ಕಣಪ್ಪ' ಅಂತಾರೆ. ಏಜೆನ್ಸಿಗೆ ಫೋನು ಮಾಡಿದರೆ 'ಬಿಲ್ಲು ಪಾಸಾಗಿಲ್ಲ'. ಮಾಘದ ಜಾತ್ರೆಗೆ ರಜ ಕೇಳಿದ್ದಕ್ಕೆ ಬದಲಿ ಆಳು ತಂದು ನಿಲ್ಲಿಸಿ ಹೋಗು ಅಂದರಂತೆ. 'ತೇರು ನೋಡಿ ಎರಡು ವರ್ಸ ಆಯ್ತು ಕಣ್ರಪ್ಪ' ಅಂದರು. ಕಾವೇರಿ ಅಲ್ಲಿ ಮುಡುಕಿ ಹರಿಯುತ್ತಾಳೆ, ಊರಿಗೆ ಆ ಹೆಸರು ಅದಕ್ಕೇ. ಹೊಳೆ ಮುಡುಕಿದರೂ ಗದ್ದೆಗೆ ನೀರು ಬರುತ್ತದೆ. ಇವರ ಸಂಬಳ ಮುಡುಕಿನಲ್ಲೇ ಇಂಗಿಹೋಗುತ್ತದೆ.

ನಮ್ಮ ತಾತಂದಿರು ತೋಟಿ, ತಳವಾರ ಅನ್ನಿಸಿಕೊಂಡು ಊರು ಕಾದರು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯ ಬೇಡಿದರು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆ ಹುಟ್ಟುಚಾಕರಿಯನ್ನು ಕಾಗದದ ಮೇಲೆ ಮುಗಿಸಿತು. ಮೊಮ್ಮಕ್ಕಳಿಗೆ ಈಗ ಸೀಟಿ, ಟಾರ್ಚು, ನೀಲಿ ಅಂಗಿ. (ಅಂಗಿಯ ದುಡ್ಡನ್ನೂ ಸಂಬಳದಲ್ಲೇ ಮುರಿದುಕೊಂಡಿದ್ದಾರೆ.) ಆಗ ಕೇಳುವುದಕ್ಕೆ ಎದುರಿಗೆ ಒಬ್ಬ ಗೌಡನಾದರೂ ಇದ್ದ. ಈಗ ಎದುರಿಗೆ ಯಾರೂ ಇಲ್ಲ, ಒಂದು ಫೋನ್ ನಂಬರು ಅಷ್ಟೆ.

ಕಾನೂನು ಇಲ್ಲವೆ? ಇದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮಿನಲ್ಲಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ಆದರೆ ಮೊದಲು 20 ಆಳು ಇದ್ದರೆ ಸಾಕಿತ್ತು, ಈಗ 50 ಬೇಕು. ನಾಲ್ಕು ಗೇಟಿಗೆ ಆಳು ಕೊಡುವ ಸಣ್ಣ ಗುತ್ತಿಗೆದಾರ ಆ ಕಲಮಿನ ಬೇಲಿ ದಾಟಿ ಆಚೆ ನಿಂತ.

ಮಹಾರಾಷ್ಟ್ರದಲ್ಲಿ 1981ರಲ್ಲೇ ಕಾವಲುಗಾರರಿಗೆಂದು ಕಾಯ್ದೆ ಬಂತು. ಕಾವಲುಗಾರ ಮಂಡಳಿಯಲ್ಲಿ ಹೆಸರು ಬರೆಸುತ್ತಾನೆ, ಮಾಲೀಕ ಮಂಡಳಿಗೆ ಹಣ ಕಟ್ಟುತ್ತಾನೆ, ಮಂಡಳಿ ಸಂಬಳ ಕೊಡುತ್ತದೆ. ಅಲ್ಲೂ ಏಜೆನ್ಸಿಗಳು ವಿನಾಯಿತಿ ಪಡೆದು ನುಸುಳಿದ್ದು ಬೇರೆ ಮಾತು. ನಮ್ಮ ಬೆಂಗಳೂರಿನಲ್ಲೇ ಗುತ್ತಿಗೆ ಪೌರಕಾರ್ಮಿಕರು 2017ರಲ್ಲಿ ಬೀದಿಗಿಳಿದರು. 2018ರಿಂದ ಪಾಲಿಕೆ ನಡುವಿನವರನ್ನು ಬಿಟ್ಟು ನೇರವಾಗಿ ಸಂಬಳ ಕೊಡತೊಡಗಿತು. ಆಮೇಲೂ ತಡವಾಯಿತು, ಬಾಕಿ ಉಳಿಯಿತು. ಆದರೆ ಹೋಗಿ ತಟ್ಟುವುದಕ್ಕೆ ಒಂದು ಬಾಗಿಲು ಸಿಕ್ಕಿತ್ತು.

ನಮ್ಮ ಸ್ಕಾಲರ್‌ಶಿಪ್ಪು ಒಂದು ತಿಂಗಳು ತಡವಾದರೆ ನಾವು ತಟ್ಟೆ ಹಿಡಿದು ರಸ್ತೆಯಲ್ಲಿ ಕೂರುತ್ತೇವೆ. ಹಾಗೆ ಕೂತ ದಿನ ಗೇಟು ಕಾದವರೂ ಇವರೇ. ಅವತ್ತು ಅವರ ಊಟದ ಮಾತು ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಬರೆದವರಲ್ಲಿ ನಾನೂ ಒಬ್ಬ.

ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಿಟ್ಟಿದ್ದೇವೆ. ಅದರಲ್ಲಿ ಅಣ್ಣನ ಹೆಸರಿಲ್ಲ. ಹಾಕಿದರೆ ಮಾರನೇ ದಿನ ಗೇಟಿನಲ್ಲಿ ಬೇರೆ ಮುಖ ಇರುತ್ತದೆ. ಸಹಿಗಳು ನಮ್ಮವೇ ಆಗಬೇಕು. ಪೆನ್ನು ತನ್ನಿ.