ನಮ್ಮ ಗಣಪನಿಗೆ ಇಲ್ಲಿಯ ಮಣ್ಣು ಸಾಲದೆ?

ಉತ್ತರ ಕ್ಯಾರೊಲೈನಾದ ಶಿಲ್ಪಿ ಪ್ಯಾಟ್ರಿಕ್ ಡೊಹರ್ಟಿ ಊರೂರಿನ ಸ್ವಯಂಸೇವಕರನ್ನು ಕೂಡಿಸಿಕೊಂಡು ಎಳೆಮರದ ರೆಂಬೆ ಹೆಣೆದು ಮನೆಯೆತ್ತರದ ಶಿಲ್ಪಗಳನ್ನು ಕಟ್ಟಿದ್ದಾರೆ. 2015ರಲ್ಲಿ ವಾಷಿಂಗ್‌ಟನ್ನಿನ ರೆನ್ವಿಕ್ ಗ್ಯಾಲರಿಯಲ್ಲಿ ಅವರ ಕೃತಿ ನೋಡಿ ನಾವು ಬಾಯ್ತುಂಬ ಹೊಗಳಿದೆವು. ಬಯಲಲ್ಲಿಟ್ಟವು ಕೆಲವೇ ವರ್ಷಗಳಲ್ಲಿ ಮಣ್ಣಾಗುತ್ತವೆಂದು ಕೇಳಿ "ಎಂಥ ತತ್ತ್ವ!" ಎಂದೆವು.

ಅಲ್ಲ ಸ್ವಾಮಿ, ಚೌತಿಗೆ ಕೆರೆಮಣ್ಣಿನ ಗಣಪನನ್ನು ಮಾಡಿ ಕೆರೆಗೇ ಬಿಡುತ್ತಿದ್ದ ನಮ್ಮ ಹಿರಿಯರಿಗೆ ಈ ತತ್ತ್ವ ತಿಳಿದಿರಲಿಲ್ಲವೆ? ನಾವೋ, ಹಡಗಿನಲ್ಲಿ ಬಂದ ಬಣ್ಣದ ಪ್ಲಾಸ್ಟರ್ ಗಣಪನನ್ನು ಕೊಳ್ಳುತ್ತೇವೆ. ಪೂಜೆಯಾದ ಮೇಲೆ ರಟ್ಟಿನ ಪೆಟ್ಟಿಗೆಗೆ ಹಾಕಿ ಬೇಸ್‌ಮೆಂಟಿಗೆ ಇಳಿಸುತ್ತೇವೆ. ಇದು ನಮ್ಮ ವಿಸರ್ಜನೆ! ಪುರುಸೊತ್ತಿಲ್ಲ ಎನ್ನುವವರಲ್ಲಿ ನಾವು ಡಾಕ್ಟರುಗಳೇ ಮೊದಲಿಗರು, ಒಪ್ಪಿದೆವು.

ಅಟ್ಲಾಂಟಾ, ಷಾರ್ಲಟ್ ಕಡೆಯ ಬಂಧುಗಳೇ, ನಿಮ್ಮ ಹಿತ್ತಿಲಿನದೇ ಕೆಂಪು ಜೇಡಿಮಣ್ಣು. ಈ ಸಲ ಅದನ್ನು ಮಕ್ಕಳ ಕೈಗೆ ಕೊಡಿ. ಸೊಂಡಿಲು ಸೊಟ್ಟಗಾದರೆ ಆಗಲಿ. ಬಕೆಟ್ಟಿನಲ್ಲಿ ಕರಗಿಸಿ ಗಿಡದ ಬುಡಕ್ಕೆ ಸುರಿಯೋಣ.